ಸಮುದ್ರ ಕುದಿಸುವಷ್ಟು ಜಾಗ

ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ 128 ಬಿಟ್‌ನದು. ಅದರಲ್ಲಿ ಹಿಡಿಸುವಷ್ಟು ಡೇಟಾ ತುಂಬಲು ತಗಲುವ ಶಕ್ತಿಯಲ್ಲಿ ಭೂಮಿಯ ಸಮುದ್ರಗಳನ್ನೆಲ್ಲ ಕುದಿಸಬಹುದು ಅಂತ ಅದನ್ನು ಕಟ್ಟಿದ ಜೆಫ್ ಬಾನ್ವಿಕ್ ಲೆಕ್ಕ ಹಾಕಿ ತೋರಿಸಿದ್ದರು. ಅದನ್ನು ಓದಿದ ಕೂಡಲೇ, ನಮ್ಮ ಮನೆಗೆ ಇದೇ ಸರಿ ಅನ್ನಿಸಿತು. ತುಂಬಬೇಕಿದ್ದ ಸಾಮಾನು ಇಷ್ಟು: ನಮ್ಮ ಮದುವೆಯ ವಿಡಿಯೊ, ಮಗಳ ಸ್ಕೂಲ್ ಡೇ ಫೋಟೊಗಳು, ಮನೆ ಕಂದಾಯದ ರಸೀದಿಗಳು, ಮತ್ತು ಅತ್ತೆಯವರ ಫೋನಿಗೆ ದಿನಾ ಬೆಳಿಗ್ಗೆ ಬಂದು ಬೀಳುವ ಗುಲಾಬಿ ಹೂವಿನ ಶುಭೋದಯಗಳು.

ಅಲ್ಲಿಯವರೆಗೆ ಇವೆಲ್ಲ ಟಿವಿ ಸ್ಟ್ಯಾಂಡಿನ ಡ್ರಾಯರಿನೊಳಗೆ ಹಳೇ ಹಾರ್ಡ್ ಡಿಸ್ಕ್‌ಗಳಲ್ಲಿದ್ದವು. ಒಂದರ ಮೇಲೆ ನನ್ನಾಕೆ ಸ್ಕೆಚ್ ಪೆನ್ನಿನಲ್ಲಿ 'ಫೋಟೊ' ಎಂದು ಬರೆದಿದ್ದಳು. ಇನ್ನೊಂದರ ಮೇಲೆ 'ಇದೂ ಫೋಟೊ'. ಯಾರು ಏನು ಕೇಳಿದರೂ ಎರಡು ನಿಮಿಷದಲ್ಲಿ ತೆಗೆದುಕೊಡುತ್ತಿದ್ದಳು. ಇಂಥ ಅವ್ಯವಸ್ಥೆಯನ್ನು ಸಹಿಸಿಕೊಂಡು ಕೂರುವ ಗಂಡಸು ನಾನಲ್ಲ.

"ಡಿಸ್ಕಿನಲ್ಲಿ ಇಟ್ಟಲ್ಲೇ ಬಿಟ್‌ಗಳು ಕೊಳೆಯುತ್ತವೆ" ಎಂದೆ, ರಾತ್ರಿ ಊಟಕ್ಕೆ ಕೂತಾಗ. ಸದ್ದಿಲ್ಲದೆ ಯಾವುದೋ ಒಂದು ಸೊನ್ನೆ ಒಂದಾಗಿಬಿಡುತ್ತದೆ. ಇಎಕ್ಸ್‌ಟಿ4ನಂಥ ಫೈಲ್ ಸಿಸ್ಟಮ್ ಫೈಲಿನೊಳಗಿನ ಡೇಟಾಕ್ಕೆ ಚೆಕ್‌ಸಮ್ ಎಂಬ ತಾಳೆಲೆಕ್ಕ ಇಡುವುದಿಲ್ಲ. ಡಿಸ್ಕ್ ಕೊಟ್ಟದ್ದನ್ನೇ ನಂಬಿ ನಮ್ಮ ಕೈಗಿಡುತ್ತದೆ. ಝಡ್‌ಎಫ್‌ಎಸ್ ಹಾಗಲ್ಲ. ಪ್ರತಿ ಬ್ಲಾಕಿನ ಚೆಕ್‌ಸಮ್ಮನ್ನು ಅದಕ್ಕೆ ದಾರಿ ತೋರಿಸುವ ಮೇಲಿನ ಬ್ಲಾಕಿನಲ್ಲಿ ಬರೆದಿಡುತ್ತದೆ, ಓದುವಾಗ ತಾಳೆ ನೋಡುತ್ತದೆ, ತಪ್ಪಿದ್ದರೆ ಜೋಡಿ ಡಿಸ್ಕಿನಿಂದ ಒಳ್ಳೆ ಪ್ರತಿ ತಂದು ಸರಿಮಾಡುತ್ತದೆ. ಇಷ್ಟನ್ನೂ ಸಾರು ಆರುವವರೆಗೆ ವಿವರಿಸಿದೆ.

"ಒಂದು ಬಿಟ್ ಕೊಳೆತರೆ ಫೋಟೊಗೆ ಏನಾಗುತ್ತೆ?" ಮಗಳು ಕೇಳಿದಳು.

"ಎಷ್ಟೋ ಸಲ ಗೊತ್ತೇ ಆಗಲ್ಲ."

ಹಪ್ಪಳ ಮುರಿದ ಸದ್ದು ಬಿಟ್ಟರೆ ಬೇರೆ ಪ್ರತಿಕ್ರಿಯೆ ಬರಲಿಲ್ಲ.

ಆಯ್ಕೆ ಅಷ್ಟಕ್ಕೇ ಮುಗಿಯಲಿಲ್ಲ. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಸಂಬಂಧವೂ ಇತ್ತು. ಅದನ್ನು 2007ರಲ್ಲಿ ಶುರುಮಾಡಿದ ಕ್ರಿಸ್ ಮೇಸನ್ ಆಗ ಒರೇಕಲ್‌ನಲ್ಲಿದ್ದವರು. ಝಡ್‌ಎಫ್‌ಎಸ್ ಹುಟ್ಟಿದ್ದು ಸನ್ ಮೈಕ್ರೊಸಿಸ್ಟಮ್ಸ್‌ನಲ್ಲಿ. 2010ರಲ್ಲಿ ಸನ್ ಕಂಪನಿಯನ್ನೇ ಒರೇಕಲ್ ಕೊಂಡುಕೊಂಡು ಎರಡೂ ಒಂದೇ ಮನೆ ಸೇರಿದವು. ಆದರೂ ಬಿಟಿಆರ್‌ಎಫ್‌ಎಸ್‌ಗೆ ಲಿನಕ್ಸ್ ಕರ್ನಲ್ಲಿನ ಒಳಗೆ ಜಾಗ, ಝಡ್‌ಎಫ್‌ಎಸ್‌ಗೆ ಜಗಲಿ. ಅದರ ಸಿಡಿಡಿಎಲ್ ಲೈಸೆನ್ಸಿಗೂ ಕರ್ನಲ್ಲಿನ ಜಿಪಿಎಲ್‌ಗೂ ಜಾತಕ ಕೂಡುವುದಿಲ್ಲ. ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಅಂತೂ 2020ರಲ್ಲಿ ಝಡ್‌ಎಫ್‌ಎಸ್ ಬಳಸಲೇಬೇಡಿ ಎಂದುಬಿಟ್ಟರು. ಬಿಕ್ಯಾಶ್‌ಎಫ್‌ಎಸ್ ಎಂಬ ಮೂರನೆಯದು 2024ರಲ್ಲಿ ಕರ್ನಲ್ ಪ್ರವೇಶ ಮಾಡಿತು. ನಾನು ಅದರ ಬಗ್ಗೆ ಓದಿ ಮುಗಿಸುವಷ್ಟರಲ್ಲಿ, 2025ರಲ್ಲಿ, ಅದನ್ನು ಹೊರಗೆ ಹಾಕಿದ್ದರು. ನನ್ನ ಓದಿನ ವೇಗ ಇದರಿಂದ ತಿಳಿಯಬಹುದು.

ನನ್ನಾಕೆ ನನ್ನನ್ನು ಮದುವೆಗೆ ಒಪ್ಪಿದ್ದು ಒಂದು ಮಧ್ಯಾಹ್ನ, ಉಪ್ಪಿಟ್ಟು ಕೇಸರಿಭಾತು ಮುಗಿಯುವುದರೊಳಗೆ. "ನಿಮ್ಮ ಹಾಗೆ ನಾನೂ ಓದಿ ನೋಡಿ ತೀರ್ಮಾನ ಮಾಡಬೇಕಿತ್ತು" ಎಂದಳು ಈಗ. ಇದು ಝಡ್‌ಎಫ್‌ಎಸ್ ಪರವಾದ ಮಾತು ಎಂದು ಭಾವಿಸಿ ಎರಡು ಹೊಸ ಡಿಸ್ಕ್ ತಂದೆ.

ಅವನ್ನು ಹಾಕಿದ ಯಂತ್ರವನ್ನು ಕೂರಿಸಿದ್ದು ದೇವರ ಮನೆಯ ಗೋಡೆಗೆ ಒತ್ತಿ, ಯುಪಿಎಸ್ ಪಾಯಿಂಟ್ ಇರುವುದು ಅಲ್ಲೇ ಆದ್ದರಿಂದ. ಕರೆಂಟ್ ಹೋದರೂ ಫೈಲ್ ಸಿಸ್ಟಮ್ ಅಡ್ಡಾದಿಡ್ಡಿ ಆಗುವುದಿಲ್ಲ, ಹಳೇ ಬ್ಲಾಕಿನ ಮೇಲೆ ಇದು ಎಂದೂ ಬರೆಯುವುದಿಲ್ಲ, ಹೊಸದನ್ನು ಬೇರೆ ಕಡೆ ಪೂರ್ತಿ ಬರೆದಾದ ಮೇಲಷ್ಟೇ ಗುರುತು ಬದಲಿಸುತ್ತದೆ, ಇದಕ್ಕೆ ಕಾಪಿ ಆನ್ ರೈಟ್ ಅಂತಾರೆ ಎಂದು ಅತ್ತೆಯವರಿಗೆ ಹೇಳುತ್ತಿದ್ದೆ. "ಹೊಸ ಕೊಡ ತುಂಬೋವರೆಗೂ ಹಳೇ ಕೊಡದ ನೀರು ಚೆಲ್ಲಬಾರದು ಅಂತ ತಾನೇ? ಅದಕ್ಕೆ ಇಷ್ಟು ಓದಬೇಕಾ?" ಎಂದರು. ನಾನು ಸನ್ ಮೈಕ್ರೊಸಿಸ್ಟಮ್ಸ್ ಹೆಸರನ್ನು ಇನ್ನೊಮ್ಮೆ ಹೇಳಿದೆ. ಪ್ರಯೋಜನವಾಗಲಿಲ್ಲ.

ಆ ಹಳೇ ನೀರೇ ಮುಂದೆ ತೊಂದರೆ ಕೊಟ್ಟಿತು. ಅದನ್ನು ಚೆಲ್ಲದೆ ಹಾಗೇ ಹಿಡಿದಿಟ್ಟರೆ ಸ್ನ್ಯಾಪ್‌ಶಾಟ್. ತೆಗೆಯುವುದು ಕ್ಷಣದ ಕೆಲಸ, ಹಾಗಾಗಿ ಗಂಟೆಗೊಂದು ಇಟ್ಟೆ. ಯಾವುದೋ ನಾಮಕರಣದ ಒಂದೇ ಥರದ ನೂರಾರು ಫೋಟೊಗಳನ್ನು ನನ್ನಾಕೆ ಒಂದು ಭಾನುವಾರವೆಲ್ಲ ಕೂತು ಅಳಿಸಿದಳು. ಡಿಸ್ಕಿನಲ್ಲಿ ಒಂದು ಎಂಬಿಯೂ ಖಾಲಿಯಾಗಲಿಲ್ಲ. ಸ್ನ್ಯಾಪ್‌ಶಾಟ್‌ಗಳು ಆ ಮಗುವನ್ನು ಬಿಟ್ಟುಕೊಡಲೊಲ್ಲವು. "ಅಳಿಸಿದ್ದು ಅಳಿಸಿಹೋಗಲ್ಲ ಅನ್ನೋದೇ ಇದರ ಹೆಚ್ಚುಗಾರಿಕೆ" ಎಂದು ವಿವರಿಸಿದೆ. ಆ ಭಾನುವಾರ ರಾತ್ರಿ ಮಧ್ಯಾಹ್ನದ ಅನ್ನವೇ ಚಿತ್ರಾನ್ನವಾಗಿ ಬಂತು.

ಶುಭೋದಯಗಳ ಹಾವಳಿಗೆ ಡಿಡುಪ್ಲಿಕೇಶನ್ ಹಚ್ಚೋಣವೆಂದೆ. ಒಂದೇ ತೆರನಾದ ಬ್ಲಾಕ್ ಎಷ್ಟು ಸಲ ಬಂದರೂ ಒಂದೇ ಪ್ರತಿ ಇಡುವ ವಿದ್ಯೆ ಇದು. ಲೆಕ್ಕದ ಪುಸ್ತಕವನ್ನು ಮೆಮೊರಿಯಲ್ಲೇ ಬಿಚ್ಚಿಟ್ಟುಕೊಳ್ಳುವ ಚಾಳಿ ಇರುವುದರಿಂದ ಒಂದು ಟೆರಾಬೈಟ್ ಡೇಟಾಕ್ಕೆ ಸುಮಾರು 5 ಜಿಬಿ ರ‍್ಯಾಮ್ ಬೇಕು ಎನ್ನುವುದು ರೂಢಿಯ ಅಂದಾಜು. ರ‍್ಯಾಮ್ ತಂದೆ. ಆದರೆ ಗುಲಾಬಿ ಅದೇ ಇದ್ದರೂ ಒಂದರ ಮೇಲೆ ಶುಭ ಸೋಮವಾರ, ಇನ್ನೊಂದರ ಮೇಲೆ ಶುಭ ಮಂಗಳವಾರ. ಚೆಕ್‌ಸಮ್ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಹೂವು. ಅತ್ತೆಯವರ ಪ್ರಕಾರವೂ ಅವು ಬೇರೆ ಬೇರೆಯೇ, ಕಳಿಸಿದವರು ಬೇರೆ ತಾನೇ. ಆಯುಧಪೂಜೆಗೆ ಅವರು ಯಂತ್ರಕ್ಕೆ ಕುಂಕುಮ ಹಚ್ಚಿ, ಫ್ಯಾನಿನ ಜಾಲರಿಗೆ ಚೆಂಡುಹೂ ಸಿಕ್ಕಿಸಿದರು. ಡಿಸ್ಕಿನ ಉಷ್ಣಾಂಶ ಏರಿದರೂ ಹೂ ತೆಗೆಯುವ ಧೈರ್ಯ ನನಗೆ ಬರಲಿಲ್ಲ.

ಮದುವೆ ವಾರ್ಷಿಕೋತ್ಸವದ ಸಂಜೆ ನನ್ನಾಕೆ ಮದುವೆ ವಿಡಿಯೊ ಹಾಕಿ ಎಂದಳು. ಹೊಸ ವ್ಯವಸ್ಥೆಯಿಂದ ಮನೆಯವರು ಕೇಳಿದ ಮೊದಲ ಸೇವೆ. ಟಿವಿಯಲ್ಲಿ ಕಾಶಿಯಾತ್ರೆ ಬಂತು, ನಾನು ಛತ್ರಿ ಹಿಡಿದು ಹೊರಟೆ, ಮಾವನವರು ತಡೆದರು. ಗಟ್ಟಿಮೇಳ ಮೊಳಗಿತು. ನನ್ನ ಕೈ ಮೇಲೆದ್ದಿತು. ತೆರೆ ತುಂಬ ಹಸಿರು ಚೌಕಗಳು. ಚೌಕಗಳು ಕರಗಿದಾಗ ನಾವಿಬ್ಬರೂ ಫೋಟೊಗೆ ನಿಂತಿದ್ದೆವು.

ಓಡಿಹೋಗಿ, ಡಿಸ್ಕ್‌ಗಳ ಆರೋಗ್ಯ ಹೇಳುವ ಝಡ್‌ಪೂಲ್ ಸ್ಟೇಟಸ್ ಕೇಳಿದೆ. 'ನೋ ನೋನ್ ಡೇಟಾ ಎರರ್ಸ್' ಎಂದಿತು. ಗೀರುಬಿದ್ದ ಡಿವಿಡಿಯಿಂದ ಇಳಿದುಬಂದಾಗಲೇ ಆ ಜಾಗ ಚೌಕವಾಗಿತ್ತು. ಝಡ್‌ಎಫ್‌ಎಸ್ ತನ್ನ ಕೈಗೆ ಬಂದ ಚೌಕಗಳಿಗೇ ಚೆಕ್‌ಸಮ್ ಹಾಕಿ, ಎರಡು ಡಿಸ್ಕಿನಲ್ಲಿಟ್ಟು, ತಿಂಗಳಿಗೊಮ್ಮೆ ರಾತ್ರಿಯಿಡೀ ಗರಗರ ಸದ್ದು ಮಾಡುತ್ತ ಸ್ಕ್ರಬ್ ಎಂಬ ತಪಾಸಣೆ ನಡೆಸಿ, ಒಂದು ಚೌಕವೂ ಕೊಳೆಯದಂತೆ ಕಾಪಾಡಿತ್ತು.

"ಅಂದ್ರೆ ನೀವು ತಾಳಿ ಕಟ್ಟಿದ್ದಕ್ಕೆ ಪುರಾವೆ ಇಲ್ಲ ಅಂತಾಯ್ತು" ಎಂದಳು ನನ್ನಾಕೆ. ದನಿಯಲ್ಲಿ ಬೇಸರವಿರಲಿಲ್ಲ ಎಂಬುದನ್ನು ಗಮನಿಸಿದೆ.

ಅತ್ತೆಯವರು ಊಟದ ಪಂಕ್ತಿಗೆ ಓಡಿಸಿ ಎಂದರು. ಚಿರೋಟಿಗೆ ಹಾಲು ಬಡಿಸದೆ ಬಿಟ್ಟಿದ್ದು ಯಾವ ಕಡೆಯವರ ಸಾಲಿನಲ್ಲಿ ಎಂಬುದು ಅವರಿಗೂ ನನ್ನ ತಾಯಿಗೂ ನಡುವೆ ಇನ್ನೂ ತೀರ್ಮಾನವಾಗಿಲ್ಲವಂತೆ.