ಮ್ಯಾಕ್ರೋ ನಾಮಮೀಮಾಂಸೆ
(ಸವೃತ್ತಿಕ, ಸಾಕ್ಷೇಪ, ಸಸಮಾಧಾನ)

ಸಿ ಭಾಷೆಯಲ್ಲಿ ಕರೆಸಿಕೊಳ್ಳುವ ನಾಮಧಾರಿಗಳು ಇಬ್ಬರು. ಕರೆದಾಗ ಬಂದು, ಕೆಲಸ ಮುಗಿಸಿ ಮರಳುವವನು ಫಂಕ್ಷನ್. ಕಂಪೈಲರ್ ಕಣ್ಣುಬಿಡುವ ಮೊದಲೇ ಪ್ರೀಪ್ರೊಸೆಸರ್ ಕೈಯಲ್ಲಿ ಅಳಿದು, ತನ್ನ ಜಾಗದಲ್ಲಿ ತನ್ನ ವಿಸ್ತಾರವನ್ನು ಬಿಟ್ಟುಹೋಗುವವನು ಮ್ಯಾಕ್ರೋ. ಬರೆದ ಸಾಲಿನಲ್ಲಿ ಇಬ್ಬರೂ ಒಂದೇ ಥರ ಕಾಣುವುದರಿಂದ ಈ ಶಾಸ್ತ್ರ ಹುಟ್ಟಿತು.

ಸೂತ್ರ 1: ಮ್ಯಾಕ್ರೋ ದೊಡ್ಡಕ್ಷರದಲ್ಲಿರತಕ್ಕದ್ದು.

ವೃತ್ತಿ: ಮ್ಯಾಕ್ಸ್ ಎಂಬ ಸಾದಾ ಮ್ಯಾಕ್ರೋಗೆ ‘ಐ ಪ್ಲಸ್ ಪ್ಲಸ್’ ಕೊಟ್ಟು ನೋಡಿ. ಹೋಲಿಸುವಾಗ ಐ ಒಮ್ಮೆ ಏರುತ್ತದೆ. ಗೆದ್ದರೆ ಇನ್ನೊಮ್ಮೆ ಏರುತ್ತದೆ. ಆದ್ದರಿಂದ ದೊಡ್ಡಕ್ಷರವು ಬಹುವಚನದ ಮರ್ಯಾದೆಯಲ್ಲ, ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ.

ಆಕ್ಷೇಪ: ಲಿನಕ್ಸ್ ಕರ್ನೆಲ್‌ನಲ್ಲಿ ಮಿನ್, ಮ್ಯಾಕ್ಸ್ ಚಿಕ್ಕಕ್ಷರದಲ್ಲೇ ಇವೆಯಲ್ಲ?

ಸಮಾಧಾನ: ಅಲ್ಲಿ ಅವು ಕೊಟ್ಟದ್ದನ್ನು ಒಮ್ಮೆ ಮಾತ್ರ ಲೆಕ್ಕ ಹಾಕುವಂತೆ ಹೆಣೆದಿವೆ. ಕಟ್ಟಿಹಾಕಿದ ನಾಯಿಗೆ ಫಲಕ ಬೇಡ. ಫಂಕ್ಷನ್ನಿನಂತೆ ನಡೆದುಕೊಳ್ಳುವ ಮ್ಯಾಕ್ರೋಗೆ ಚಿಕ್ಕಕ್ಷರ ಸಲ್ಲುತ್ತದೆಂದು ಕರ್ನೆಲ್‌ನ ಶೈಲಿಗ್ರಂಥವೂ ಅಪ್ಪಣೆ ಕೊಟ್ಟಿದೆ.

ಮರು ಆಕ್ಷೇಪ: ಗೆಟ್‌ಸಿ ಮ್ಯಾಕ್ರೋ ಆಗಿರಬಹುದು, ತನ್ನ ಆರ್ಗ್ಯುಮೆಂಟನ್ನು ಒಂದಕ್ಕಿಂತ ಹೆಚ್ಚು ಸಲ ಮುಟ್ಟಬಹುದು ಎಂದು ಸಿ ಸ್ಟ್ಯಾಂಡರ್ಡೇ ಹೇಳುತ್ತದೆ. ಅದಕ್ಕೇಕೆ ಚಿಕ್ಕಕ್ಷರ?

ಸಮಾಧಾನ: ಅದು ಆರ್ಷಪ್ರಯೋಗ. ಋಷಿಗಳನ್ನು ಪ್ರಶ್ನಿಸಬಾರದು. ಯುನಿಕ್ಸ್‌ನ ಕ್ರಿಯೇಟ್ ಕಾಲ್‌ಗೆ ಕೊನೆಯ ‘ಇ’ ಇಲ್ಲ. ಮತ್ತೊಮ್ಮೆ ಯುನಿಕ್ಸ್ ಬರೆದರೆ ಏನು ಬದಲಿಸುವಿರಿ ಎಂದಾಗ, ಆ ‘ಇ’ ಸೇರಿಸುವೆನೆಂದರಂತೆ ಕೆನ್ ಥಾಂಪ್ಸನ್. ಋಷಿಗಳೇ ಪಶ್ಚಾತ್ತಾಪಪಟ್ಟರೂ ಪ್ರಯೋಗ ಆರ್ಷವಾಗಿಯೇ ಉಳಿಯುತ್ತದೆ.

ಸೂತ್ರ 2: ಹೆಸರು ಓಡಾಡುವಷ್ಟೇ ಉದ್ದವಿರತಕ್ಕದ್ದು.

ವೃತ್ತಿ: ಹಳೆಯ ಲಿಂಕರ್‌ಗಳ ಅಶಕ್ತಿಯನ್ನು ಮನ್ನಿಸಿ, 1989ರ ಸ್ಟ್ಯಾಂಡರ್ಡ್ ಹೊರಗೆ ಕಾಣುವ ಹೆಸರಿನ ಮೊದಲ 6 ಅಕ್ಷರಕ್ಕಷ್ಟೇ ಭರವಸೆ ಕೊಟ್ಟಿತ್ತು. ಮ್ಯಾಲಕ್, ಪ್ರಿಂಟೆಫ್, ಸ್ಟ್ರಲೆನ್: ಇಂಗ್ಲಿಷಿನಲ್ಲಿ ಎಣಿಸಿ, ತಲಾ ಆರೇ. 1999ರಲ್ಲಿ ಮಿತಿ 31ಕ್ಕೇರಿತು. ಬಡತನ ತೀರಿದರೂ ಜಿಪುಣತನ ತೀರಲಿಲ್ಲ. ಕರ್ನೆಲ್ ಮತದಲ್ಲಿ ಊರೆಲ್ಲ ಸುತ್ತುವ ಗ್ಲೋಬಲ್ ಫಂಕ್ಷನ್ನಿಗೆ ‘ಕೌಂಟ್ ಆ್ಯಕ್ಟಿವ್ ಯೂಸರ್ಸ್’ ಎಂಬ ತುಂಬು ಹೆಸರು; ಮನೆ ದಾಟದ ವೇರಿಯಬಲ್‌ಗೆ ‘ಟಿಎಂಪಿ’ ಸಾಕು.

ಸೂತ್ರ 3: ಹೆಸರಿಗೆ ಜಾತಿ ಅಂಟಿಸತಕ್ಕದ್ದಲ್ಲ.

ವೃತ್ತಿ: ಇಲ್ಲಿ ಜಾತಿ ಎಂದರೆ ಡೇಟಾ ಟೈಪ್. ಹಂಗೇರಿಯಲ್ಲಿ ಹುಟ್ಟಿದ ಚಾರ್ಲ್ಸ್ ಸಿಮೊನಿಯಿಂದ ಹೊರಟ ಹಂಗೇರಿಯನ್ ಪದ್ಧತಿ ವಿಂಡೋಸ್‌ನಲ್ಲಿ ಬೇರುಬಿಟ್ಟಿತು. ಅಲ್ಲಿನ ಡಬ್ಲ್ಯುಪ್ಯಾರಮ್ ಹುಟ್ಟಿದಾಗ 16 ಬಿಟ್‌ನ ವರ್ಡ್. ಆಮೇಲೆ 32 ಆಯಿತು, 64 ಆಯಿತು. ಡಬ್ಲ್ಯು ಮಾತ್ರ ಇವತ್ತಿಗೂ 16ಕ್ಕೇ ಆಣೆ ಹಾಕುತ್ತಿದೆ.

ಫಲಶ್ರುತಿ: ಈ ಸೂತ್ರಗಳನ್ನು ನಿತ್ಯ ಪಠಿಸುವವನ ಕೋಡು ಕಂಪೈಲ್ ಆಗುತ್ತದೆ. ಪಠಿಸದವನದೂ ಆಗುತ್ತದೆ. ಕಂಪೈಲರ್‌ಗೆ ಎಲ್ಲ ಹೆಸರೂ ಸಮಾನ. ಪಾಪಪುಣ್ಯದ ಲೆಕ್ಕವೆಲ್ಲ ಮುಂದೆ ಆ ಕೋಡನ್ನು ತಿದ್ದಲು ಕೂತವನ ಪಾಲಿಗೆ.