ಮೋಡರಾಯರ ಸನ್ನಿಧಾನಕ್ಕೆ

ಶ್ರೀಮಾನ್ ಮೋಡರಾಯರಿಗೆ,

ಬಯಲುಸೀಮೆಯ ಮತದಾರನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ.

ತಮ್ಮ ಮೇಲೊಂದು ದೂರಿದೆ. ತಮಗೆ ಸರ್ಕಾರದ ಶಿಷ್ಟಾಚಾರ ತಿಳಿಯದು. 2017ರಲ್ಲಿ ಮೋಡ ಬಿತ್ತನೆಯ ‘ವರ್ಷಧಾರೆ’ ಯೋಜನೆಗೆ ಬೆಂಗಳೂರಿನ ಜಕ್ಕೂರಿನಲ್ಲಿ ಚಾಲನೆ ಸಿಕ್ಕಿದ್ದು ಆಗಸ್ಟ್ 21ಕ್ಕೆ. ತಾವೋ, ಸ್ವಾತಂತ್ರ್ಯ ದಿನದ ಬೆಳಗಾಗುವಷ್ಟರಲ್ಲೇ ಬೆಂಗಳೂರಿನ ಮೇಲೆ ಸುಮಾರು 13 ಸೆಂಟಿಮೀಟರ್ ಸುರಿದು, ಕೋರಮಂಗಲದ ಮನೆಗಳಿಗೆ ನೀರು ನುಗ್ಗಿಸಿ ಹೋಗಿದ್ದಿರಿ. ಒಂದು ವಾರ ತಡೆದುಕೊಂಡಿದ್ದರೆ ಅಷ್ಟೂ ಮಳೆ ಇಲಾಖೆಯ ಖಾತೆಗೆ ಜಮೆಯಾಗುತ್ತಿರಲಿಲ್ಲವೇ?

2019ರಲ್ಲಂತೂ ಇನ್ನೂ ಎಡವಟ್ಟು. ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಲು ಜೂನ್‌ನಲ್ಲಿ ಆದೇಶವಾಯಿತು. ಮೋಡ ಬಿತ್ತನೆಯ ವಿಮಾನವೂ ಮತ್ತೆ ಹಾರಿತು. ಆಗಸ್ಟ್‌ನಲ್ಲಿ ಬೆಳಗಾವಿಯಿಂದ ಕೊಡಗಿನವರೆಗೆ ಪ್ರವಾಹ. ತಾವು ಒಲಿದದ್ದು ಹೋಮದ ಹೊಗೆಗೋ ವಿಮಾನದ ಹೊಗೆಗೋ, ಆ ನೀರಿನ ಶ್ರೇಯಸ್ಸಿಗೆ ಮಾತ್ರ ಯಾರೂ ಕೈಯೆತ್ತಿದಂತೆ ಕಾಣಲಿಲ್ಲ.

ಹಾಗೆಂದು ಮೋಡ ಬಿತ್ತನೆ ಬರೀ ಬೂಟಾಟಿಕೆ ಎನ್ನಲಾರೆ. ಸಿಲ್ವರ್ ಅಯೋಡೈಡನ್ನೋ ಉಪ್ಪಿನ ಕಣಗಳನ್ನೋ ಎರಚಿ, ಸುರಿಯಲೋ ಬೇಡವೋ ಎಂದು ನಿಂತ ಮೋಡವನ್ನು ಒಂದಿಷ್ಟು ಪುಸಲಾಯಿಸಬಹುದು. ತೊಂದರೆಯೆಂದರೆ ಬರ ಬಂದಾಗ ತಾವು ಇರುವುದಿಲ್ಲ, ತಾವು ಇದ್ದಾಗ ಬರ ಇರುವುದಿಲ್ಲ. ಇಲ್ಲದ ಮೋಡವನ್ನು ಕರೆತರುವ ವಿಮಾನ ಇನ್ನೂ ಬಂದಿಲ್ಲ.

ಇನ್ನು ಮಳೆ ಬಂದರೂ ಅದು ಯಾರದು? ವಿಮಾನ ಹಾರದಿದ್ದರೆ ಎಷ್ಟು ಬೀಳುತ್ತಿತ್ತು? ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಇದಕ್ಕೊಂದು ದಾರಿ ಹಿಡಿದರು. 2018 ಮತ್ತು 2019ರಲ್ಲಿ ಸೊಲ್ಲಾಪುರದ ಮೇಲೆ 276 ಮೋಡಗಳನ್ನು ಆಯ್ದು, ಕೆಲವಕ್ಕೆ ಬಿತ್ತಿ, ಕೆಲವನ್ನು ಬೇಕೆಂದೇ ಹಾಗೇ ಬಿಟ್ಟು, ಎರಡನ್ನೂ ಹೋಲಿಸಿದರು. ಬಿತ್ತಿದ ಕಡೆ ಸರಾಸರಿ ಶೇ 18ರಷ್ಟು ಹೆಚ್ಚು ಮಳೆ ಎಂಬ ಲೆಕ್ಕ ಸಿಕ್ಕಿತು.

ಆ ‘ಹಾಗೇ ಬಿಟ್ಟು’ ಇದೆಯಲ್ಲ, ವಿಧಾನಸೌಧಕ್ಕೆ ಆಗಿಬರದ್ದು ಅದೇ. ನಿಮ್ಮ ತಾಲ್ಲೂಕಿನ ಮೋಡವನ್ನು ಹೋಲಿಕೆಗೆಂದು ಮುಟ್ಟದೆ ಬಿಟ್ಟಿದ್ದೇವೆ ಎಂದು ಯಾವ ಮಂತ್ರಿ ಹೇಳಿಯಾನು? ಹೇಳಿದರೆ ನಾವಾದರೂ ಸುಮ್ಮನಿರುತ್ತೇವೆಯೇ? ‘ಸರ್ಕಾರ ಕೈಕಟ್ಟಿ ಕೂತಿದೆ’ ಎಂದು ರಸ್ತೆಗಿಳಿಯುವವರು ನಾವೇ. ಹಾಗಾಗಿ 2003ರಲ್ಲಿ ‘ವರುಣ’ ಎಂಬ ಹೆಸರಿನಲ್ಲಿ ಹಾರಿದ್ದು ಬೇರೆ ಹೆಸರಿನಲ್ಲಿ ಮತ್ತೆ ಹಾರಿತು.

ಅತ್ತ ತಾವು ಸುರಿದ ನೀರನ್ನು ಹಿಡಿಯಬೇಕಾದ ಕೆರೆಗಳಲ್ಲಿ ಹೂಳು, ಕಾಲುವೆಗಳ ಮೇಲೆ ಸೈಟು. ಹೂಳೆತ್ತಿಸಿದರೆ ಫಲ ಕಾಣಲು ನಾಲ್ಕಾರು ಮಳೆಗಾಲ ಬೇಕು, ಅಷ್ಟರಲ್ಲಿ ಚುನಾವಣೆ ಬಂದಿರುತ್ತದೆ. ಒತ್ತುವರಿ ತೆರವಿಗೆ ಹೋದರೆ ಓಟೇ ಹೋಗುತ್ತದೆ. ವಿಮಾನಕ್ಕಾದರೆ ಹಸಿರು ಬಾವುಟ ತೋರಿಸಿದ ಗಳಿಗೆಯಲ್ಲೇ ಕೆಲಸ ಮುಗಿಯಿತು, ಮರುದಿನ ಮುಖಪುಟದಲ್ಲಿ ಫೋಟೊ.

ಆದಕಾರಣ ವಿನಂತಿ ಇಷ್ಟೇ: ಮುಂದಿನ ಸಲ ತಾವು ಬರುವ ದಿನಾಂಕವನ್ನು ಮುಂಚಿತವಾಗಿ ತಿಳಿಸಿ. ಹಿಂದಿನ ದಿನವೇ ವಿಮಾನ ಹಾರಿಸುತ್ತಾರೆ.

ಇತಿ ತಮ್ಮ ವಿಧೇಯ,
ಕೊಡೆ ಇಲ್ಲದವನು