ಗಿಲ್ಲನ್-ಬಾರೆ: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ವರ್ಷಕ್ಕೆ ಲಕ್ಷದಲ್ಲಿ ಒಬ್ಬಿಬ್ಬರಿಗಷ್ಟೇ ಒಲಿಯುವ ಗಿಲ್ಲನ್-ಬಾರೆ ಸಿಂಡ್ರೋಮ್ ನಿಮಗೆ ಒಲಿದಿದೆ. ಮೊನ್ನೆಯ ಭೇದಿಯನ್ನೋ ನೆಗಡಿಯನ್ನೋ ಓಡಿಸಿದ ನಿಮ್ಮ ರೋಗನಿರೋಧಕ ಪಡೆ, ಗೆದ್ದ ಹುರುಪಿನಲ್ಲಿ ಸ್ವಂತ ನರಗಳ ಮೇಲೆಯೇ ಬಿದ್ದಿದೆ. ಕೆಳಗಿನ ಸೂಚನೆಗಳನ್ನು ಗಮನವಿಟ್ಟು ಓದಿ. ಪುಟ ತಿರುಗಿಸಲು ಯಾರನ್ನಾದರೂ ಕರೆಯಿರಿ.

1. ಪರೀಕ್ಷೆ: ಜೋಮು ಪಾದದಿಂದ ಮೇಲೇರುತ್ತದೆ. ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಿ. ನಿನ್ನೆ 20 ದಾಟಿದವರು ಇವತ್ತು 10ಕ್ಕೇ ನಿಂತರೆ ಐಸಿಯುಗೆ ಬಡ್ತಿ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ.

2. ಔಷಧ: ಇಮ್ಯುನೊಗ್ಲಾಬ್ಯುಲಿನ್, ಕೆಜಿ ತೂಕಕ್ಕೆ ದಿನಕ್ಕೆ 0.4 ಗ್ರಾಂ, 5 ದಿನ. 60 ಕೆಜಿಯವರಿಗೆ ಒಟ್ಟು 120 ಗ್ರಾಂ. ಬಿಲ್ಲನ್ನು ನಿಮಗೆ ತೋರಿಸುವುದಿಲ್ಲ; ಮಗನ ಮುಖದಲ್ಲಿ ಓದಿಕೊಳ್ಳಿ.

3. ಸಂವಹನ: ಗಂಟಲಿಗೆ ಕೊಳವೆ ಹಾಕಿದ ಮೇಲೆ ದನಿ ಹೊರಡದು. ಸಿಸ್ಟರ್ ಅಕ್ಷರಮಾಲೆ ಓದುತ್ತಾರೆ. ಬೇಕಾದ ಅಕ್ಷರಕ್ಕೆ ರೆಪ್ಪೆ ಮಿಟುಕಿಸಿ. ರೆಪ್ಪೆಯೂ ಮುಷ್ಕರ ಹೂಡಿದ್ದರೆ ಕಣ್ಣುಗುಡ್ಡೆ ಹೊರಳಿಸಿ. ‘ಬೆನ್ನು ತುರಿಸಿ’ ಎಂದು ಕೇಳುವ ದುಸ್ಸಾಹಸ ಬೇಡ. ಒತ್ತಕ್ಷರ ಮುಗಿಯುವಷ್ಟರಲ್ಲಿ ಸಿಸ್ಟರ ಡ್ಯೂಟಿ ಮುಗಿದಿರುತ್ತದೆ. ‘ಕಫ’ ಎನ್ನಿ. ಗುಣಿತವಿಲ್ಲ, ಒತ್ತಿಲ್ಲ, ತಕ್ಷಣ ಸಕ್ಷನ್ ಸಿಗುತ್ತದೆ.

4. ನೋಡಲು ಬರುವವರು: ಮಂಚದ ಪಕ್ಕ ನಿಂತು ‘ಪಾಪ, ಏನೂ ಗೊತ್ತಾಗಲ್ಲ ಅನ್ಸುತ್ತೆ’ ಎನ್ನುತ್ತಾರೆ. ನಿಮಗೆ ಎಲ್ಲವೂ ಗೊತ್ತಾಗುತ್ತದೆ. ಈ ಕಾಯಿಲೆ ಸಾಮಾನ್ಯವಾಗಿ ಬುದ್ಧಿಯನ್ನು ಮುಟ್ಟುವುದಿಲ್ಲ. ಸೈಟಿನ ಪಾಲಿನ ಬಗ್ಗೆ ಅವರಾಡುವ ಮಾತನ್ನು ನೆನಪಿನಲ್ಲಿಡಿ. ದನಿ ಬಂದಾಗ ಬೇಕಾಗುತ್ತದೆ.

5. ಯಂತ್ರ ಬಿಡಿಸುವುದು: ಮೊದಲು ಸ್ವಲ್ಪ ಹೊತ್ತು ಸ್ವಂತ ಉಸಿರು, ಮತ್ತೆ ಯಂತ್ರ. ನಾಳೆ ಇನ್ನಷ್ಟು ಹೊತ್ತು. ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಾಗ ಒಂದು ಚೆಂಡು ಅಲುಗಿದರೂ ಫಿಸಿಯೋ ‘ಸೂಪರ್ ಸಾರ್!’ ಎನ್ನುತ್ತಾರೆ. ಅದನ್ನು ಉಪಚಾರದ ಮಾತೆಂದು ತಿಳಿಯಬೇಡಿ. ಪಕ್ಕದ ಮಂಚಗಳನ್ನು ಬಲ್ಲವರು ಅವರು.

6. ಚೇತರಿಕೆ: ಕಾಯಿಲೆ ಹತ್ತಿದ ಮೆಟ್ಟಿಲನ್ನೇ ಬಹುತೇಕ ಹಿಂದುಮುಂದಾಗಿ ಇಳಿಯುತ್ತದೆ, ಪಾದಕ್ಕೆ ಸರದಿ ಕೊನೆಗೆ. ನರದ ಮಯಲಿನ್ ಹೊದಿಕೆ ಮಾತ್ರ ಹರಿದಿದ್ದರೆ ವಾರಗಳು, ತಿಂಗಳುಗಳು ಸಾಕು. ಒಳಗಿನ ತಂತುವೇ ಕಡಿದಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ; ಸೊಂಟದಿಂದ ಪಾದಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ಎಳನೀರು, ಹರಕೆ, ಬೈಗುಳ ಯಾವುದಕ್ಕೂ ಅದು ವೇಗ ಹೆಚ್ಚಿಸದು.

‘ಯಾವಾಗ ಎದ್ದು ಓಡಾಡ್ತೀರಿ?’ ಎಂದು ಕೇಳುವವರ ಕೈಗೆ ಒಂದು ಸ್ಕೇಲು ಕೊಟ್ಟುಬಿಡಿ.